ಯಾವ ಮೈದಾನಕ್ಕೆ ಯಾವ ಸ್ಟಿಕ್?

ಕಾಫಿ ಕೊಯ್ಲು ಮುಗಿದು, ಒಣಗಿದ ಬೀಜ ಮಾರಾಟವಾಗಿ, ಹೂಮಳೆಗಾಗಿ ಆಕಾಶ ನೋಡುವ ಹೊತ್ತಿಗೆ ಕೊಡಗಿನ ಮನೆಗಳಲ್ಲಿ ಹಾಕಿಯ ಮಾತು ಶುರುವಾಗುತ್ತದೆ. ಏಪ್ರಿಲ್‌ನಲ್ಲಿ ಕೌಟುಂಬಿಕ ಹಾಕಿ, ರಜೆಯಲ್ಲಿ ಬೇಸಿಗೆ ಶಿಬಿರ, ಜೂನ್‌ನಲ್ಲಿ ಶಾಲೆ, ಹಾಸ್ಟೆಲ್. ಹೊಸ ಸ್ಟಿಕ್ ಕೊಳ್ಳುವುದು ಹೆಚ್ಚಾಗಿ ಈ ತಿಂಗಳುಗಳಲ್ಲೇ. ಮಡಿಕೇರಿಯಲ್ಲಾಗಲಿ ಗೋಣಿಕೊಪ್ಪದಲ್ಲಾಗಲಿ ಅಂಗಡಿಗೆ ಹೋದ ಅಪ್ಪ ಅಮ್ಮ ಕೇಳುವ ಮೊದಲ ಪ್ರಶ್ನೆ ಈಗ ಒಂದೇ: "ಇದರಲ್ಲಿ ಎಷ್ಟು ಪರ್ಸೆಂಟ್ ಕಾರ್ಬನ್?" ಪರ್ಸೆಂಟ್ ಹೆಚ್ಚಾದಷ್ಟೂ ಸ್ಟಿಕ್ ಒಳ್ಳೆಯದು, ಸ್ಟಿಕ್ ಒಳ್ಳೆಯದಾದಷ್ಟೂ ಆಟ ಮೇಲೇರುತ್ತದೆ ಎಂಬ ನಂಬಿಕೆ ಆ ಪ್ರಶ್ನೆಯ ಹಿಂದಿದೆ. ಈ ನಂಬಿಕೆಯಿಂದ ಮಕ್ಕಳ ಆಟಕ್ಕೆ ಪೆಟ್ಟಾಗುತ್ತಿದೆ ಎಂಬುದು ನನ್ನ ಅಭಿಪ್ರಾಯ. ಮೊದಲು ಕೇಳಬೇಕಾದ್ದು ಬೇರೆ: ಈ ಮಗು ಆಡುವುದು ಯಾವ ನೆಲದ ಮೇಲೆ? ಬಂದ ಚೆಂಡನ್ನು ನಿಲ್ಲಿಸಲು ಅದಕ್ಕೆ ಬರುತ್ತದೆಯೇ?

ಕೊಡಗಿನಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಕೌಟುಂಬಿಕ ಹಾಕಿ ಹಬ್ಬ ಆರಂಭಿಸಿದಾಗ ಬಂದ ಒಕ್ಕಗಳು, ಅಂದರೆ ಕೊಡವ ಮನೆತನಗಳು, 60. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದ ಕುಂಡ್ಯೋಳಂಡ ಕಪ್‌ನಲ್ಲಿ 360 ಒಕ್ಕಗಳು ಆಡಿದವು. ಒಂದೇ ತಂಡದಲ್ಲಿ ಅಜ್ಜ, ಸೊಸೆ, ಶಾಲೆಗೆ ಹೋಗುವ ಹುಡುಗ, ಸೈನ್ಯದಿಂದ ರಜೆಯಲ್ಲಿ ಬಂದವನು, ಎಲ್ಲರೂ ಇರುವ ಪಂದ್ಯಾವಳಿ ಇದು. ಇನ್ನೊಂದು ಕಡೆ ಕೂಡಿಗೆಯ ಕ್ರೀಡಾಶಾಲೆ, ಮಡಿಕೇರಿ ಮತ್ತು ಪೊನ್ನಂಪೇಟೆಯ ಹಾಸ್ಟೆಲ್‌ಗಳಲ್ಲಿ ಬೆಳಗ್ಗೆ ಸಂಜೆ ಬೆವರು ಹರಿಸುವ ಮಕ್ಕಳಿದ್ದಾರೆ. ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ, ಅರ್ಜುನ್ ಹಾಲಪ್ಪ, ವಿ.ಆರ್. ರಘುನಾಥ್, ಎಸ್.ವಿ. ಸುನಿಲ್ ಬಂದ ನೆಲ ಇದು. ಇಲ್ಲಿ ಸ್ಟಿಕ್ ಕೊಳ್ಳುವವರಲ್ಲಿ ವರ್ಷಕ್ಕೊಮ್ಮೆ ಒಕ್ಕದ ಹೆಸರಿಗಾಗಿ ಮೈದಾನಕ್ಕಿಳಿಯುವವರೂ ಇದ್ದಾರೆ, ದಿನಾ ಆಡುವವರೂ ಇದ್ದಾರೆ. ಇಬ್ಬರಿಗೂ ಬೇಕಾದ್ದು ಒಂದೇ ಸ್ಟಿಕ್ ಅಲ್ಲ.

ಮೊದಲು ಮರದ ಕಾಲವನ್ನು ನೆನೆಯಬೇಕು, ಏಕೆಂದರೆ ಇಂದಿನ ಸ್ಟಿಕ್‌ನ ಗುಣ ದೋಷ ಗೊತ್ತಾಗುವುದು ಅದರ ಪಕ್ಕದಲ್ಲಿಟ್ಟಾಗಲೇ. ನಮ್ಮ ಹಿರಿಯರು ಆಡಿದ ಸ್ಟಿಕ್ ಹಿಪ್ಪುನೇರಳೆ ಮರದ್ದು. ಕೊಳ್ಳೇಗಾಲ, ರಾಮನಗರದ ರೈತರು ರೇಷ್ಮೆಹುಳುವಿಗೆ ಸೊಪ್ಪು ಹಾಕಲು ಗಿಡವಾಗಿ ಬೆಳೆಸುವ ಅದೇ ಹಿಪ್ಪುನೇರಳೆ ಉತ್ತರದ ಬೆಟ್ಟದ ಬುಡದಲ್ಲಿ ದೊಡ್ಡ ಮರವಾಗುತ್ತದೆ. ಅದರ ನಾರು ಒತ್ತೊತ್ತಾಗಿ, ಹದವಾಗಿರುವುದರಿಂದ ಬಿಸಿ ಹಬೆಯಲ್ಲಿಟ್ಟು ಬಗ್ಗಿಸಿದರೆ ಮುರಿಯದೆ ಸುತ್ತುತ್ತದೆ. ಯುರೋಪಿನವರು ಬಳಸುತ್ತಿದ್ದ ಆ್ಯಶ್ ಮರ ಅಷ್ಟು ಬಿಗಿಯಾಗಿ ಬಾಗುತ್ತಿರಲಿಲ್ಲ. ಅವರ ಸ್ಟಿಕ್‌ನ ತುದಿ ಉದ್ದ, ನಮ್ಮದು ಗಿಡ್ಡ. ಗಿಡ್ಡ ತುದಿಯ ಸ್ಟಿಕ್ಕನ್ನು ಚೆಂಡಿನ ಮೇಲೆ ಅತ್ತಿತ್ತ ಹೊರಳಿಸುವುದು ಸುಲಭ. ಭಾರತ ಮತ್ತು ಪಾಕಿಸ್ತಾನದ ಆಟಗಾರರ ಡ್ರಿಬ್ಲಿಂಗ್ ಅನ್ನು ಜಗತ್ತು ಬೆರಗಿನಿಂದ ನೋಡಿದ್ದರಲ್ಲಿ ಕೈಚಳಕದ ಜೊತೆ ಈ ಮರದ ಪಾಲೂ ಇತ್ತು. ಸಿಯಾಲ್‌ಕೋಟ್ ಈ ಕಸುಬಿನ ತವರು. ದೇಶ ವಿಭಜನೆಯಾದಾಗ ಅಲ್ಲಿಂದ ಬಂದ ಕುಶಲಕರ್ಮಿಗಳು ಜಲಂಧರ್‌ನಲ್ಲಿ, ಮೀರತ್‌ನಲ್ಲಿ ನೆಲೆ ನಿಂತರು. ಇವತ್ತಿಗೂ ಕೊಡಗಿನ ಅಂಗಡಿಗೆ ಬರುವ ದೇಶೀ ಸ್ಟಿಕ್‌ಗಳಲ್ಲಿ ಹೆಚ್ಚಿನವು ಜಲಂಧರ್‌ನವು.

ಮರದ ಸ್ಟಿಕ್ಕಿಗೆ ಆರೈಕೆ ಬೇಕಿತ್ತು. ಅಗಸೆ ಎಣ್ಣೆ ಸವರುವುದು, ಬಿರುಕು ಬಿಟ್ಟ ಕಡೆ ದಾರ ಸುತ್ತಿ ಅಂಟು ಹಾಕುವುದು, ಮಳೆಯಲ್ಲಿ ನೆನೆದರೆ ನೆರಳಲ್ಲಿ ಒಣಗಿಸುವುದು. ಎರಡು ಸ್ಟಿಕ್ ಒಂದೇ ರೀತಿ ಇರುತ್ತಿರಲಿಲ್ಲ. ನಾರಿನ ಗೆರೆ ನೋಡಿ ಆರಿಸಬೇಕಿತ್ತು. ಅದೂ ಸಿಗದವರು ಏನು ಸಿಕ್ಕಿತೋ ಅದರಲ್ಲಿ ಆಡಿದರು. ಸೋಮವಾರಪೇಟೆಯ ಬಡಗಿಯೊಬ್ಬರ ಮಗ ಎಸ್.ವಿ. ಸುನಿಲ್ ಆರಂಭದಲ್ಲಿ ಅಭ್ಯಾಸ ಮಾಡಿದ್ದು ಬಿದಿರಿನ ಸ್ಟಿಕ್‌ನಲ್ಲಿ. ಮುಂದೆ ಎರಡು ಒಲಿಂಪಿಕ್ಸ್ ಆಡಿದ, ದೇಶದ ಅತಿ ವೇಗದ ಮುಂಪಡೆ ಆಟಗಾರರಲ್ಲಿ ಒಬ್ಬನೆನಿಸಿಕೊಂಡ ಹುಡುಗ. ಬಿದಿರೇ ಒಳ್ಳೆಯದು ಎಂದು ಹೇಳಲು ಈ ಮಾತು ತೆಗೆದಿಲ್ಲ. ಬಡತನವನ್ನು ಹೊಗಳುವುದು ತಪ್ಪು. ಸುನಿಲ್‌ಗೆ ಆಗಲೇ ಸರಿಯಾದ ಸ್ಟಿಕ್ ಸಿಕ್ಕಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ಆಟದ ಮೊದಲ ಪಾಠಗಳು ದುಬಾರಿ ಸ್ಟಿಕ್ಕಿಗಾಗಿ ಕಾಯುವುದಿಲ್ಲ ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹಾಕಿ ಮೊದಲ ಬಾರಿಗೆ ಕೃತಕ ಹಾಸಿನ ಮೇಲೆ ನಡೆಯಿತು. ನಮ್ಮ ಗೋವಿಂದ ಆ ತಂಡದಲ್ಲಿದ್ದರು. ಹುಲ್ಲಿನ ಮೇಲೆ ಪುಟಿಯುತ್ತ, ತಡವರಿಸುತ್ತ ಬರುತ್ತಿದ್ದ ಚೆಂಡು ಅಲ್ಲಿ ಗೆರೆ ಎಳೆದಂತೆ ನೇರವಾಗಿ, ಹೆಚ್ಚು ಭರದಿಂದ ಬಂತು. ಆಟ ಬದಲಾಯಿತು, ಅದರ ಹಿಂದೆಯೇ ಸ್ಟಿಕ್ ಬದಲಾಯಿತು. ಮೊದಲು ಮರಕ್ಕೆ ಗಾಜಿನ ನಾರಿನ ಹೊದಿಕೆ ಬಂತು. ನಡುವೆ ಅಲ್ಯೂಮಿನಿಯಂ ಹಿಡಿಯ ಸ್ಟಿಕ್‌ಗಳೂ ಬಂದವು. ಮುರಿದಾಗ ಚೂಪಾದ ಲೋಹದ ಅಂಚು ಗಾಯ ಮಾಡುತ್ತದೆಂದು ಲೋಹವನ್ನು ನಿಷೇಧಿಸಲಾಯಿತು. ಆಮೇಲೆ ಮರವೇ ಇಲ್ಲದ ಕಾಂಪೊಸಿಟ್ ಬಂತು.

ಕಾಂಪೊಸಿಟ್ ಎಂದರೆ ನಾರು ಮತ್ತು ಅಂಟಿನ ಕೂಡಿಕೆ. ಗಾಜಿನ ನಾರು, ಕಾರ್ಬನ್ ನಾರು, ಕೆವ್ಲಾರ್ ಎಂದು ಕರೆಯುವ ಅರಾಮಿಡ್ ನಾರು, ಇವುಗಳ ತೆಳುವಾದ ಹಾಳೆಗಳನ್ನು ರಾಳದಲ್ಲಿ ತೋಯಿಸಿ, ಪದರದ ಮೇಲೆ ಪದರ ಸುತ್ತಿ, ಅಚ್ಚಿನಲ್ಲಿಟ್ಟು ಒಳಗಿನಿಂದ ಒತ್ತಡ ಕೊಟ್ಟು ಕಾಯಿಸುತ್ತಾರೆ. ಒಳಗೆ ಟೊಳ್ಳು, ಇಲ್ಲವೇ ಹಗುರವಾದ ಫೋಮ್. ಇಲ್ಲಿ ಪ್ರತಿಯೊಂದು ನಾರಿಗೂ ಅದರದೇ ಕೆಲಸ. ಕಾರ್ಬನ್ ಬಿಗಿತ ಕೊಡುತ್ತದೆ. ಗಾಜಿನ ನಾರು ಸ್ವಲ್ಪ ಬಾಗುವ ಗುಣ, ತಾಳಿಕೆ ಕೊಡುತ್ತದೆ, ಅಗ್ಗವೂ ಹೌದು. ಅರಾಮಿಡ್ ಹೊಡೆತದ ನಡುಕವನ್ನು ಹೀರುತ್ತದೆ, ಕೈಗೆ ಜುಮ್ಮೆನ್ನುವುದು ಕಡಿಮೆಯಾಗುತ್ತದೆ. ಅಂಗಡಿಯಲ್ಲಿ ಕೇಳುವ ಪರ್ಸೆಂಟ್ ಈ ಮಿಶ್ರಣದಲ್ಲಿ ಕಾರ್ಬನ್ ಪಾಲು ಎಷ್ಟು ಎಂಬುದು ಮಾತ್ರ. ನಾರಿನ ಗುಣಮಟ್ಟ ಏನು, ಪದರಗಳನ್ನು ಯಾವ ದಿಕ್ಕಿಗೆ ಸುತ್ತಿದ್ದಾರೆ, ರಾಳ ಯಾವುದು ಎಂಬುದನ್ನು ಆ ಅಂಕಿ ಹೇಳುವುದಿಲ್ಲ. ಒಂದು ಕಂಪನಿಯ 50 ಇನ್ನೊಂದು ಕಂಪನಿಯ 50ಕ್ಕಿಂತ ಬಿಗಿಯಾಗಿರಬಹುದು, ಸಡಿಲವಾಗಿಯೂ ಇರಬಹುದು.

ಬಿಗಿತದಿಂದ ಏನಾಗುತ್ತದೆ ಎಂಬುದೇ ಇಡೀ ವಿಷಯದ ಹೃದಯ. ಸ್ಟಿಕ್ ಬೀಸಿ ಚೆಂಡಿಗೆ ಹೊಡೆದಾಗ ಸ್ಟಿಕ್ ಕಣ್ಣಿಗೆ ಕಾಣದಷ್ಟು ಹಿಂದಕ್ಕೆ ಬಾಗುತ್ತದೆ. ಅದು ಮತ್ತೆ ನೆಟ್ಟಗಾಗುವಷ್ಟರಲ್ಲಿ ಚೆಂಡು ಬಿಟ್ಟು ಹೋಗಿರುತ್ತದೆ. ಬಾಗಲು ಖರ್ಚಾದ ಶಕ್ತಿ ಚೆಂಡಿಗೆ ಸಿಗುವುದಿಲ್ಲ. ಬಿಗಿಯಾದ ಸ್ಟಿಕ್ ಕಡಿಮೆ ಬಾಗುತ್ತದೆ, ಹಾಗಾಗಿ ಹೆಚ್ಚು ಶಕ್ತಿ ಚೆಂಡಿಗೆ ಹೋಗುತ್ತದೆ. ಇಲ್ಲಿಯವರೆಗೆ ಕಾರ್ಬನ್ ಗೆದ್ದಿತು. ಆದರೆ ಹಾಕಿಯಲ್ಲಿ ಒಬ್ಬ ಆಟಗಾರ ಚೆಂಡನ್ನು ಬಲವಾಗಿ ಹೊಡೆಯುವುದು ಎಷ್ಟು ಸಲ, ಬಂದ ಚೆಂಡನ್ನು ನಿಲ್ಲಿಸುವುದು ಎಷ್ಟು ಸಲ? ಒಂದು ಪಂದ್ಯವನ್ನು ಕೂತು ಗಮನಿಸಿ. ನಿಲ್ಲಿಸುವುದು, ತಿರುಗಿಸುವುದು, ಹತ್ತಿರದವನಿಗೆ ತಳ್ಳುವುದೇ ಬಹುಪಾಲು. ಭರದಿಂದ ಬಂದ ಚೆಂಡು ಬಿಗಿಯಾದ ಸ್ಟಿಕ್ಕಿಗೆ ತಾಗಿದರೆ ಅದೇ ಬಿಗಿತ ಚೆಂಡನ್ನು ಹೊರಕ್ಕೆ ಎಸೆಯುತ್ತದೆ. ಅದನ್ನು ಮೆತ್ತಗೆ ಮಾಡಬೇಕಾದರೆ ಆಟಗಾರ ತಾಗುವ ಕ್ಷಣದಲ್ಲಿ ಕೈಯನ್ನು ಸ್ವಲ್ಪ ಹಿಂದಕ್ಕೆ ಬಿಟ್ಟುಕೊಡಬೇಕು. ಇದು ವರ್ಷಗಟ್ಟಲೆ ಅಭ್ಯಾಸದಿಂದ ಬರುವ ಕಲೆ. ಇದು ಕೈಗೆ ಹತ್ತದ ಹನ್ನೆರಡು ವರ್ಷದ ಮಗುವಿಗೆ 90 ಪರ್ಸೆಂಟ್ ಕಾರ್ಬನ್ ಕೊಟ್ಟರೆ ಪ್ರತಿ ಪಾಸೂ ಎರಡು ಅಡಿ ಆಚೆಗೆ ಚಿಮ್ಮುತ್ತದೆ. ಎದುರಾಳಿ ಬಂದು ಎತ್ತಿಕೊಂಡು ಹೋಗುತ್ತಾನೆ. ಮಗು ತನಗೆ ಆಟ ಬರುವುದಿಲ್ಲ ಎಂದುಕೊಳ್ಳುತ್ತದೆ. ನನಗೆ ಅತ್ಯಂತ ಬೇಸರ ತರುವುದು ಇದೇ.

ಈಗ ಮೈದಾನದ ವಿಷಯಕ್ಕೆ ಬರೋಣ. ಪೊನ್ನಂಪೇಟೆ, ಕೂಡಿಗೆಯಂಥ ಕಡೆ ಟರ್ಫ್, ಅಂದರೆ ಕೃತಕ ಹಾಸು ಇದೆ. ಆದರೆ ಹಳ್ಳಿ ಶಾಲೆಯ ಮಗು ಕಲಿಯುವುದು ಮಣ್ಣಿನ ಮೇಲೆ. ಕೌಟುಂಬಿಕ ಹಾಕಿಯ ಬಹುತೇಕ ಪಂದ್ಯಗಳೂ ಮಣ್ಣಿನ ಮೈದಾನದಲ್ಲೇ. ಏಪ್ರಿಲ್ ಹೊತ್ತಿಗೆ ನಮ್ಮ ಕೆಂಪು ನೆಲ ಗಟ್ಟಿಯಾಗಿ, ಮೇಲೆ ತೆಳುವಾಗಿ ಧೂಳು, ನಡುನಡುವೆ ಹರಳುಕಲ್ಲು. ಅಂಥ ನೆಲದಲ್ಲಿ ಚೆಂಡು ಕೊನೇ ಕ್ಷಣದಲ್ಲಿ ಪುಟಿದು ಸ್ಟಿಕ್‌ನ ಯಾವ ಜಾಗಕ್ಕೆ ತಾಗುತ್ತದೋ ಹೇಳಲಾಗದು. ಬಿಗಿಯಾದ ಸ್ಟಿಕ್ ಆ ತಪ್ಪನ್ನು ಕ್ಷಮಿಸುವುದಿಲ್ಲ. ಜೊತೆಗೆ ಸ್ಟಿಕ್‌ನ ತಳ ನೆಲಕ್ಕೆ ಉಜ್ಜುತ್ತಲೇ ಇರುತ್ತದೆ. ಟರ್ಫ್‌ನ ಮೇಲೆ ಜಾರುವ ಹಾಗೆ ಮಣ್ಣಿನ ಮೇಲೆ ಅದು ಜಾರದು. ಹರಳುಕಲ್ಲು ಮೇಲಿನ ಬಣ್ಣದ ಪದರ ಕಿತ್ತು, ನಾರಿನವರೆಗೆ ಸವೆಸುತ್ತದೆ. ಕಾರ್ಬನ್ ನಾರು ಎಳೆತಕ್ಕೆ ಬಲಶಾಲಿ, ಕಲ್ಲಿನ ಮೇಲಿನ ಉಜ್ಜಿಗೆ ಅಲ್ಲ. ಇಪ್ಪತ್ತು ಸಾವಿರ ರೂಪಾಯಿ ದಾಟಿದ ಸ್ಟಿಕ್ ಒಂದು ಬೇಸಿಗೆಯ ಮಣ್ಣಿನಾಟಕ್ಕೆ ತನ್ನ ಅಂಚು ಕಳೆದುಕೊಂಡರೆ ಆಶ್ಚರ್ಯವಿಲ್ಲ. ಮಣ್ಣಿಗೆ ಗಾಜಿನ ನಾರು ಹೆಚ್ಚಿರುವ, ಕಾರ್ಬನ್ ತೀರಾ ಕಡಿಮೆ ಇರುವ ಸ್ಟಿಕ್, ಅಥವಾ ನಾರಿನ ಹೊದಿಕೆಯ ಮರದ ಸ್ಟಿಕ್ಕೇ ಸಾಕು. ಸಾಕು ಎನ್ನುವುದಕ್ಕಿಂತ ಅದೇ ಸರಿ. ತುದಿಗೂ ತಳಕ್ಕೂ ಒಂದು ಸುತ್ತು ಟೇಪ್ ಹಾಕಬಹುದು, ನಿಯಮದಲ್ಲಿ ಅಡ್ಡಿಯಿಲ್ಲ. ಟೇಪ್ ಸಮೇತ ಸ್ಟಿಕ್ 51 ಮಿಲಿಮೀಟರ್ ಒಳವ್ಯಾಸದ ಬಳೆಯೊಳಗೆ ತೂರಬೇಕು, ಅಷ್ಟೇ.

ನಿಯಮದ ಮಾತು ಬಂದದ್ದರಿಂದ ಇನ್ನೆರಡು ಅಂಕಿ ಹೇಳಿಬಿಡುತ್ತೇನೆ. ಸ್ಟಿಕ್ 737 ಗ್ರಾಂ ಮೀರಬಾರದು, ಉದ್ದ 105 ಸೆಂಟಿಮೀಟರ್ ದಾಟಬಾರದು. ಅಂಗಡಿಯ ಯಾವ ಸ್ಟಿಕ್ಕೂ ಈ ಮಿತಿಯ ಹತ್ತಿರ ಹೋಗುವುದಿಲ್ಲ. ಆದರೆ ಬಾಗಿನ ಮಿತಿ ಹಾಗಲ್ಲ, ಅಲ್ಲಿ ಕಂಪನಿಗಳು ಕಟ್ಟಕಡೆಯವರೆಗೆ ಹೋಗುತ್ತವೆ. ಸ್ಟಿಕ್ಕನ್ನು ಮುಖ ಕೆಳಗೆ ಮಾಡಿ ನೆಲದ ಮೇಲೆ ಮಲಗಿಸಿದರೆ ನಡುವೆ ಬಿಲ್ಲಿನ ಹಾಗೆ ಎದ್ದಿರುವುದು ಕಾಣುತ್ತದೆ. ಇದೇ ಬೋ. ಅದು 25 ಮಿಲಿಮೀಟರ್‌ಗಿಂತ ಹೆಚ್ಚು ಏಳಬಾರದು, ಅದರ ಅತಿ ಎತ್ತರದ ಜಾಗ ಸ್ಟಿಕ್‌ನ ತಳದಿಂದ 200 ಮಿಲಿಮೀಟರ್ ಒಳಗೆ ಇರಬಾರದು. ಈ ಎತ್ತರದ ಜಾಗ ಕೆಳಗಿದ್ದರೆ ಲೋ ಬೋ, ಮೇಲಿದ್ದರೆ ರೆಗ್ಯುಲರ್, ನಡುವೆ ಇದ್ದರೆ ಮಿಡ್ ಬೋ.

ಲೋ ಬೋ ಹುಟ್ಟಿದ್ದು ಡ್ರ್ಯಾಗ್ ಫ್ಲಿಕ್‌ಗಾಗಿ. ಪೆನಾಲ್ಟಿ ಕಾರ್ನರ್‌ನಲ್ಲಿ ವಿ.ಆರ್. ರಘುನಾಥ್ ಚೆಂಡನ್ನು ಸ್ಟಿಕ್‌ನ ಮೈಗೆ ಹತ್ತಿಸಿಕೊಂಡು, ಎಳೆದುಕೊಂಡು ಬಂದು, ಕವಣೆಯ ಹಾಗೆ ಬೀಸುತ್ತಿದ್ದುದನ್ನು ನೋಡಿದವರಿಗೆ ಗೊತ್ತು. ಹಾತೂರಿನ ಈ ಆಟಗಾರ ಅದರಲ್ಲಿ ದೇಶದ ಭರವಸೆಯಾಗಿದ್ದರು. ಆ ಎಳೆತದಲ್ಲಿ ಚೆಂಡು ಸ್ಟಿಕ್‌ನ ಬಾಗಿನೊಳಗೆ ಕೂತು ಉರುಳಬೇಕು. ಬಾಗು ಆಳವಾಗಿ, ಕೆಳಗೆ ಇದ್ದರೆ ಚೆಂಡು ಹೆಚ್ಚು ಹೊತ್ತು ಹಿಡಿತದಲ್ಲಿರುತ್ತದೆ. ಅದೇ ಬಾಗು ನೇರ ಹೊಡೆತಕ್ಕೆ ತೊಂದರೆ ಕೊಡುತ್ತದೆ. ಹೊಡೆಯುವಾಗ ಮುಖ ಮೇಲಕ್ಕೆ ತೆರೆದುಕೊಂಡಿರುವುದರಿಂದ ಕೈ ಸ್ವಲ್ಪ ತಪ್ಪಿದರೂ ಚೆಂಡು ಗಾಳಿಗೆ ಏಳುತ್ತದೆ. ಕಿಕ್ಕಿರಿದ ಮಣ್ಣಿನ ಮೈದಾನದಲ್ಲಿ, ಒಂದೇ ತಂಡದಲ್ಲಿ ಅಜ್ಜನೂ ಮೊಮ್ಮಗಳೂ ಇರುವಲ್ಲಿ, ಏಳುವ ಚೆಂಡು ಅಪಾಯ. ಚೆಂಡಿನ ತೂಕ 156ರಿಂದ 163 ಗ್ರಾಂ, ಗಟ್ಟಿ. ಡ್ರ್ಯಾಗ್ ಫ್ಲಿಕ್ ಮಾಡದ ಮಗುವಿಗೆ ಲೋ ಬೋ ಯಾಕೆ? ಶಾಲಾ ಮಟ್ಟದ ಹತ್ತು ಮಂದಿಯಲ್ಲಿ ಒಬ್ಬರು ಕಾರ್ನರ್ ತೆಗೆಯುತ್ತಾರೆ. ಉಳಿದ ಒಂಬತ್ತು ಮಂದಿಗೆ ರೆಗ್ಯುಲರ್ ಬೋ ಇರಲಿ, ಹೆಚ್ಚೆಂದರೆ ಮಿಡ್. ಆ ಒಬ್ಬರಿಗೂ ಕೋಚ್ ಹೇಳಿದ ಮೇಲೆ ಕೊಂಡರಾಯಿತು.

ಉದ್ದದ ವಿಷಯದಲ್ಲಿ ಆಗುವ ತಪ್ಪು ಎಲ್ಲಕ್ಕಿಂತ ಸಾಮಾನ್ಯ. ಯೂನಿಫಾರ್ಮನ್ನು ಒಂದು ಅಳತೆ ದೊಡ್ಡದು ಹೊಲಿಸಿ, ಅಂಚು ಮಡಿಸಿ, ಮುಂದಿನ ವರ್ಷಕ್ಕೂ ಆಗಲಿ ಎನ್ನುವ ಹಾಗೆ ಸ್ಟಿಕ್ಕನ್ನೂ ದೊಡ್ಡದು ತರುತ್ತಾರೆ. ಸ್ಟಿಕ್ಕಿಗೆ ಮಡಿಸುವ ಅಂಚಿಲ್ಲ. ಉದ್ದವಾದ ಸ್ಟಿಕ್ ಹಿಡಿದ ಮಗುವಿನ ಎಡಗೈ ಹೊಟ್ಟೆಗೆ ತಾಗುತ್ತದೆ, ಮೊಣಕೈ ಹೊರಗೆ ಚಾಚಿಕೊಳ್ಳುತ್ತದೆ, ಮಗು ನೆಟ್ಟಗೆ ನಿಂತು ಆಡಲು ಕಲಿಯುತ್ತದೆ. ಬೆನ್ನು ಬಾಗಿಸಿ, ಚೆಂಡಿನ ಹತ್ತಿರ ಕಣ್ಣಿಟ್ಟು ಆಡುವುದು ಅದಕ್ಕೆ ಬರುವುದೇ ಇಲ್ಲ. ಆ ಅಭ್ಯಾಸವನ್ನು ಮುಂದೆ ಬಿಡಿಸಲು ಕೋಚ್‌ಗಳು ಪಡುವ ಕಷ್ಟ ದೊಡ್ಡದು. ಸ್ಟಿಕ್ಕನ್ನು ಮಗುವಿನ ಪಕ್ಕ ನೆಲಕ್ಕೆ ಊರಿ ನಿಲ್ಲಿಸಿ. ಹಿಡಿಯ ತುದಿ ಸೊಂಟದ ಮೂಳೆಯ ಆಸುಪಾಸಿಗೆ ಬಂದರೆ ಸರಿ. ಅಂಗಡಿಯಲ್ಲಿ ಅಳತೆ ಇಂಚಿನಲ್ಲಿ ಇರುತ್ತದೆ. ಪ್ರಾಥಮಿಕ ಶಾಲೆಯ ಮಕ್ಕಳಿಗೆ 28ರಿಂದ 32, ಹೈಸ್ಕೂಲ್ ಹೊತ್ತಿಗೆ 34, 36, ದೊಡ್ಡವರಲ್ಲಿ ಬಹುಪಾಲು ಮಂದಿಗೆ 36.5, ತುಂಬಾ ಎತ್ತರದವರಿಗೆ 37.5. ಇದು ಅಂದಾಜು ಮಾತ್ರ. ಒಂದೇ ಎತ್ತರದ ಇಬ್ಬರಲ್ಲಿ ಒಬ್ಬರ ಕೈ ಉದ್ದವಿದ್ದರೆ ಅಳತೆ ಬದಲಾಗುತ್ತದೆ. ಎರಡು ಅಳತೆಗಳ ನಡುವೆ ಸಿಕ್ಕಿಬಿದ್ದರೆ ಗಿಡ್ಡದ್ದನ್ನೇ ತೆಗೆದುಕೊಳ್ಳಿ.

ತೂಕವನ್ನು ಕೈಯಲ್ಲೇ ನೋಡಬೇಕು. ಕಂಪನಿಗಳು ಲೈಟ್ ಎಂದು ಬರೆಯುವುದು ಸಾಮಾನ್ಯವಾಗಿ 500 ಗ್ರಾಂನಿಂದ 530ರವರೆಗೆ, ಅದರ ಮೇಲಿನದು ಮೀಡಿಯಂ. ಆದರೆ ಒಂದೇ ತೂಕದ ಎರಡು ಸ್ಟಿಕ್‌ಗಳಲ್ಲಿ ಒಂದರ ತೂಕ ತುದಿಯಲ್ಲಿ ಸೇರಿಕೊಂಡಿದ್ದರೆ ಅದು ಭಾರವೆನಿಸುತ್ತದೆ. ಮಗು ಎಡಗೈ ಒಂದರಲ್ಲೇ ಹಿಡಿಯ ಮೇಲ್ತುದಿ ಹಿಡಿದು ಸ್ಟಿಕ್ಕನ್ನು ಮುಂದಕ್ಕೆ ಅಡ್ಡವಾಗಿ ಚಾಚಲಿ. ಸ್ವಲ್ಪ ಹೊತ್ತಿಗೇ ಮಣಿಕಟ್ಟು ಕೆಳಗೆ ಜೋತರೆ ಆ ಸ್ಟಿಕ್ ಬೇಡ. ಎಡಗೈಯಲ್ಲೇ ಪರೀಕ್ಷೆ ಯಾಕೆಂದರೆ ಸ್ಟಿಕ್ಕನ್ನು ತಿರುಗಿಸುವುದು ಮೇಲಿರುವ ಎಡಗೈ, ಕೆಳಗಿನ ಬಲಗೈ ಆಸರೆ ಮತ್ತು ಬಲ. ಎಡಗೈ ರೂಢಿಯ ಮಕ್ಕಳಿಗೆ ಬೇರೆ ಸ್ಟಿಕ್ ಸಿಗುತ್ತದೆಯೇ ಎಂದು ಕೇಳುವವರಿದ್ದಾರೆ. ಸಿಗುವುದಿಲ್ಲ. ಹಾಕಿ ಸ್ಟಿಕ್ಕಿಗೆ ಎಡಮುಖ ಮಾತ್ರ ಚಪ್ಪಟೆ ಇರಬೇಕೆಂಬುದು ನಿಯಮ, ಚೆಂಡನ್ನು ಆಡಬೇಕಾದ್ದೂ ಆ ಮುಖದಿಂದಲೇ. ಆತಂಕ ಪಡಬೇಕಾಗಿಲ್ಲ. ಎಡಗೈ ಬಲವಾಗಿರುವ ಮಗುವಿಗೆ ಈ ಆಟದಲ್ಲಿ ನಷ್ಟಕ್ಕಿಂತ ಲಾಭವೇ ಹೆಚ್ಚು.

ತುದಿಯ ಆಕಾರದಲ್ಲಿ ಮಿಡಿ ಎನ್ನುವುದನ್ನು ಕಣ್ಣುಮುಚ್ಚಿ ಆರಿಸಬಹುದು. ತುಸು ಅಗಲವಾದ ಮ್ಯಾಕ್ಸಿ, ಕೊಕ್ಕೆಯಂತೆ ಮೇಲೆದ್ದ ಹುಕ್, ಇವೆಲ್ಲ ಆಟ ಬಲಿತ ಮೇಲೆ.

ಇನ್ನು ಕಾಂಪೊಸಿಟ್ ಹಳತಾದಂತೆ ಏನಾಗುತ್ತದೆ ಎಂಬ ಪ್ರಶ್ನೆ. ಅಮೆರಿಕದ ಬೇಸ್‌ಬಾಲ್‌ನಲ್ಲೂ ಕಾಂಪೊಸಿಟ್ ಬ್ಯಾಟ್ ಬಂದಿದೆ. ಅಲ್ಲಿನ ಅನುಭವ ನಮಗೆ ಒಂದು ಪಾಠ. ಟೊಳ್ಳಾದ ಕಾಂಪೊಸಿಟ್ ಬ್ಯಾಟ್‌ಗೆ ಚೆಂಡು ಬಡಿದಾಗ ಬ್ಯಾಟ್‌ನ ಗೋಡೆ ಒಳಕ್ಕೆ ತಗ್ಗಿ, ಮತ್ತೆ ಪುಟಿದು ಚೆಂಡನ್ನು ಮರದ ಬ್ಯಾಟ್‌ಗಿಂತ ಹೆಚ್ಚು ಭರದಿಂದ ಎಸೆಯುತ್ತದೆ. ಬಳಸಿದಂತೆಲ್ಲ ಆ ಗೋಡೆ ಮೆತ್ತಗಾಗಿ ಪುಟಿತ ಇನ್ನೂ ಹೆಚ್ಚುತ್ತದೆ. ಚೆಂಡು ಎಸೆಯುವ ಹುಡುಗನಿಗೆ ತಪ್ಪಿಸಿಕೊಳ್ಳಲು ಸಮಯವೇ ಸಿಗದಂತಾದಾಗ ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆ 2011ರಲ್ಲಿ ಪುಟಿತಕ್ಕೆ ಮಿತಿ ಹಾಕುವ ಹೊಸ ಮಾನದಂಡ ತಂದಿತು. ಅತಿ ದೊಡ್ಡ ವೃತ್ತಿಪರ ಲೀಗ್‌ನಲ್ಲಿ ಇಂದಿಗೂ ಮರದ ಬ್ಯಾಟ್‌ಗೆ ಮಾತ್ರ ಅವಕಾಶ. ಹಾಕಿಯಲ್ಲೂ ಮಿತಿ ಇದೆ: ಪ್ರಯೋಗಾಲಯದ ಪರೀಕ್ಷೆಯಲ್ಲಿ ಚೆಂಡಿನ ವೇಗ ಸ್ಟಿಕ್ ತುದಿಯ ವೇಗದ 98 ಪರ್ಸೆಂಟ್ ಮೀರಬಾರದು. ಆದರೆ ಹಳತಾಗುವ ಬಗೆಯಲ್ಲಿ ನಮ್ಮ ಸ್ಟಿಕ್ ಬೇರೆ. ಇಲ್ಲಿ ಮುಖ್ಯವಾಗಿರುವುದು ಇಡೀ ಸ್ಟಿಕ್‌ನ ಬಿಗಿತ. ಹೊಡೆತದ ಮೇಲೆ ಹೊಡೆತ ಬಿದ್ದು ರಾಳದಲ್ಲಿ ಕಾಣದಂಥ ಬಿರುಕುಗಳು ಹುಟ್ಟಿ, ಸ್ಟಿಕ್ ನಿಧಾನವಾಗಿ ಸಡಿಲವಾಗುತ್ತದೆ. ಹೊಡೆತದ ಬಲ ಕುಗ್ಗುತ್ತ ಹೋಗುತ್ತದೆ. ಆಟಗಾರರು ಇದನ್ನು "ಸ್ಟಿಕ್ ಸತ್ತುಹೋಯ್ತು" ಎನ್ನುತ್ತಾರೆ.

ಸ್ಟಿಕ್ ಹೀಗೆ ಸಡಿಲವಾಗುವುದರಲ್ಲಿ ಒಂದು ಒಳ್ಳೆಯದೂ ಇದೆ. ಹಾಸ್ಟೆಲ್‌ನ ಹಿರಿಯ ಆಟಗಾರ ಬಿಟ್ಟುಕೊಟ್ಟ, ಸ್ವಲ್ಪ ಸಡಿಲವಾದ ಸ್ಟಿಕ್ ಕಿರಿಯ ಮಗುವಿಗೆ ಚೆಂಡು ನಿಲ್ಲಿಸಲು ಅನುಕೂಲವಾಗುತ್ತದೆ. ಉದ್ದ ಸರಿಯಾಗಿದ್ದರೆ ಅಣ್ಣನ ಸ್ಟಿಕ್ ತಮ್ಮನಿಗೆ ಬರುವುದರಲ್ಲಿ ಕೀಳರಿಮೆ ಬೇಕಿಲ್ಲ. ತೆಗೆದುಕೊಳ್ಳುವ ಮೊದಲು ಬೆಳಕಿಗೆ ಹಿಡಿದು ನೋಡಿ. ತುದಿಯ ಒಳಬಾಗು ಮತ್ತು ಎರಡೂ ಅಂಚುಗಳ ಮೇಲೆ ಹೆಬ್ಬೆರಳು ಓಡಿಸಿ. ಸ್ಟಿಕ್ ಹೊರಳಿಸಿ ಅಂಚಿನಿಂದ ಹೊಡೆಯುವ ರಿವರ್ಸ್ ಹಿಟ್ ಹೆಚ್ಚು ಹೊಡೆದ ಸ್ಟಿಕ್ ಅಂಚಿನಲ್ಲೇ ಒಡೆಯುತ್ತದೆ. ಬಣ್ಣ ಮಾತ್ರ ಕಿತ್ತಿದ್ದರೆ ಚಿಂತೆಯಿಲ್ಲ. ಉಗುರು ಸಿಕ್ಕಿಕೊಳ್ಳುವಂಥ ಗೆರೆ, ನಾರು ಎದ್ದಿರುವುದು, ಒತ್ತಿದರೆ ತಗ್ಗುವ ಜಾಗ ಇದ್ದರೆ ಬೇಡ. ಒಂದು ಚೆಂಡನ್ನು ಸ್ಟಿಕ್‌ನ ಮುಖದ ಮೇಲೆ ಮೆಲ್ಲನೆ ಕುಣಿಸಿ ಕಿವಿಗೊಡಿ. ಗಟ್ಟಿ ಸ್ಟಿಕ್ಕಿನ ಸದ್ದು ಎಲ್ಲ ಕಡೆಯೂ ಒಂದೇ, ಖಣ್ ಎಂದು ಕೇಳುತ್ತದೆ. ಒಳಗೆ ಪದರ ಬಿಟ್ಟಿದ್ದರೆ ಆ ಜಾಗದಲ್ಲಿ ಮಂಕಾಗಿ ಒಡಕು ದನಿ ಬರುತ್ತದೆ. ಒಡೆದ ಕಾರ್ಬನ್ ನಾರು ಸೂಜಿಯಂತೆ ಚರ್ಮದೊಳಕ್ಕೆ ಹೊಗುತ್ತದೆ, ಆದ್ದರಿಂದ ಒಡೆದ ಸ್ಟಿಕ್ಕಿಗೆ ಟೇಪ್ ಸುತ್ತಿ ಮಕ್ಕಳ ಕೈಗೆ ಕೊಡುವುದು ಮಾತ್ರ ಬೇಡವೇ ಬೇಡ. ಅಂಚು ಒರಟಾದ ಸ್ಟಿಕ್ಕನ್ನು ಅಂಪೈರ್ ಹೊರಗಿಡಿಸಬಹುದು, ಹಾಗೆ ಮಾಡಿದರೆ ಜಗಳವಾಡಬೇಡಿ.

ನಮ್ಮ ಮಳೆಗಾಲಕ್ಕೂ ಸ್ಟಿಕ್ಕಿಗೂ ಒಂದು ಲೆಕ್ಕವಿದೆ. ಮರಕ್ಕೆ ನೀರು ಶತ್ರು, ಕಾಂಪೊಸಿಟ್‌ಗೆ ನೀರಿನ ಭಯ ಅಷ್ಟಿಲ್ಲ. ಅದರ ಶತ್ರು ಬಿಸಿ. ಜುಲೈಯಲ್ಲಿ ಒದ್ದೆ ಬಟ್ಟೆ, ಒದ್ದೆ ಬೂಟು ಎಲ್ಲವನ್ನೂ ಒಲೆಯ ಬಳಿ ಇಡುವ ರೂಢಿ ನಮ್ಮದು. ಸ್ಟಿಕ್ಕನ್ನು ಅಲ್ಲಿಡಬೇಡಿ. ರಾಳ ಬಿಸಿಗೆ ಮೆತ್ತಗಾಗುತ್ತದೆ, ಪದರಗಳ ಹಿಡಿತ ಸಡಿಲವಾಗುತ್ತದೆ. ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಡಿಕ್ಕಿಯೂ ಹಾಗೆಯೇ. ಬಟ್ಟೆಯಲ್ಲಿ ಒರೆಸಿ ಗಾಳಿಗೆ ಇಟ್ಟರೆ ಸಾಕು. ಗ್ರಿಪ್ ಮಾತ್ರ ಮಳೆಯಲ್ಲಿ ಬೇಗ ಹಾಳಾಗಿ, ಜಾರಿ, ವಾಸನೆ ಹಿಡಿಯುತ್ತದೆ. ನೂರೋ ಇನ್ನೂರೋ ಕೊಟ್ಟು ಹೊಸ ಗ್ರಿಪ್ ಸುತ್ತಿದರೆ ಹಳೇ ಸ್ಟಿಕ್ ಕೈಗೆ ಹೊಸದಾಗುತ್ತದೆ. ಒಂದರ ಮೇಲೊಂದು ಸುತ್ತಬೇಡಿ. ಸಣ್ಣ ಕೈಗೆ ಹಿಡಿ ದಪ್ಪವಾದರೆ ಬೆರಳು ಸುತ್ತಿ ಬರುವುದಿಲ್ಲ, ಸ್ಟಿಕ್ ತಿರುಗಿಸುವುದು ಕಷ್ಟ.

ಹಾಗಾದರೆ ಏನು ಕೊಳ್ಳಬೇಕು? ಮಣ್ಣಿನಲ್ಲಿ ಕಲಿಯುತ್ತಿರುವ, ಹದಿಮೂರು ದಾಟದ ಮಗುವಿಗೆ ನಾನು ಮರ ಅಥವಾ ಪೂರ್ತಿ ಗಾಜಿನ ನಾರಿನ ಸ್ಟಿಕ್ಕನ್ನೇ ಹೇಳುತ್ತೇನೆ. ಎರಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಒಳ್ಳೆಯದು ಸಿಗುತ್ತದೆ, ಮರದ್ದು ಅದಕ್ಕೂ ಕಡಿಮೆ. ಆ ವಯಸ್ಸಿನಲ್ಲಿ ಎರಡು ವರ್ಷಕ್ಕೊಮ್ಮೆಯಾದರೂ ಅಳತೆ ಬದಲಾಗುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಿರಿ. ಹಾಸ್ಟೆಲ್ ಸೇರಿ ದಿನಾ ಟರ್ಫ್ ಮೇಲೆ ಆಡುವ ಹದಿನಾಲ್ಕು, ಹದಿನೈದರ ಹುಡುಗ ಹುಡುಗಿಯರಿಗೆ ಕಾರ್ಬನ್ 20ರಿಂದ 50ರೊಳಗೆ ಇರಲಿ, ಜೊತೆಗೆ ಅರಾಮಿಡ್ ಇದ್ದರೆ ಒಳ್ಳೆಯದು. ಇಲ್ಲಿ ನಿರ್ಧಾರ ಕೋಚ್‌ಗೆ ಬಿಡುವುದು ವಿವೇಕ, ಏಕೆಂದರೆ ಮಗು ಹಿಂಪಡೆಯಲ್ಲಿ ಆಡುತ್ತದೋ ಮುಂಪಡೆಯಲ್ಲೋ, ಚೆಂಡು ನಿಲ್ಲಿಸುವ ಅದರ ಟ್ರ್ಯಾಪ್ ಎಷ್ಟು ಕುದುರಿದೆ ಎಂಬುದನ್ನು ದಿನಾ ನೋಡುವವರು ಅವರು. ರಾಜ್ಯ ತಂಡದ ಆಯ್ಕೆಗೆ ಹೋಗುವ ಹೊತ್ತಿಗೆ 70ರ ಮೇಲಿನ ಕಾರ್ಬನ್ ಬೇಕೆನಿಸಿದರೆ ಆ ಆಟಗಾರ್ತಿಯೇ ತನಗೇನು ಬೇಕೆಂದು ಹೇಳಬಲ್ಲಳು. ಆಗ ಒಂದೇ ದುಬಾರಿ ಸ್ಟಿಕ್ಕಿನ ಬದಲು ಒಂದೇ ಬಗೆಯ, ನಡುದರದ ಎರಡು ಸ್ಟಿಕ್ ಇಟ್ಟುಕೊಳ್ಳುವುದು ಉತ್ತಮ. ಪಂದ್ಯದ ನಡುವೆ ಒಂದು ಒಡೆದರೆ ಕೈಗೆ ಬರುವ ಇನ್ನೊಂದೂ ಅದೇ ರೀತಿ ಇರಬೇಕು.

ಒಕ್ಕದ ತಂಡಕ್ಕೆ ವರ್ಷಕ್ಕೊಮ್ಮೆ ಆಡುವ ಚಿಕ್ಕಪ್ಪ, ಅತ್ತೆ, ಅಜ್ಜಂದಿರಿಗೆ ಲೆಕ್ಕ ಇನ್ನೂ ಸರಳ. ಹಗುರವಾದ, ಕಾರ್ಬನ್ ಕಡಿಮೆ ಇರುವ, ರೆಗ್ಯುಲರ್ ಬೋ ಸ್ಟಿಕ್. ಹನ್ನೊಂದು ತಿಂಗಳು ಸ್ಟಿಕ್ ಮುಟ್ಟದ ಕೈಗೂ ಭುಜಕ್ಕೂ ಬಿಗಿಯಾದ ಸ್ಟಿಕ್ಕಿನ ನಡುಕ ಒಳ್ಳೆಯದಲ್ಲ, ಮೊಣಕೈ ನೋವು ತಿಂಗಳುಗಟ್ಟಲೆ ಉಳಿದುಬಿಡುತ್ತದೆ. ಒಕ್ಕದ ಕೂಟದಿಂದಲೇ ಬೇರೆ ಬೇರೆ ಅಳತೆಯ ಒಂದಷ್ಟು ಸ್ಟಿಕ್ ಕೊಂಡು ಒಕ್ಕದ ಮೂಲಮನೆಯಾದ ಐನ್‌ಮನೆಯಲ್ಲಿ ಇಟ್ಟರೆ ಪ್ರತಿ ಮನೆಯೂ ಖರ್ಚು ಮಾಡಬೇಕಾಗಿಲ್ಲ. ಆ ಮನೆಯ ಮಕ್ಕಳಿಗೆ ವರ್ಷವಿಡೀ ಅಂಗಳದಲ್ಲಿ ಚೆಂಡು ತಳ್ಳಲು ಅವು ಸಿಗುತ್ತವೆ.

ಸ್ಟಿಕ್‌ನಲ್ಲಿ ಉಳಿಸಿದ ಹಣವನ್ನು ಶಿನ್ ಗಾರ್ಡ್‌ಗೆ, ಹಲ್ಲು ಕಾಯುವ ಮೌತ್ ಗಾರ್ಡ್‌ಗೆ, ಪಾದಕ್ಕೆ ಸರಿಯಾದ ಬೂಟಿಗೆ ಹಾಕಿ. ಮಣ್ಣಿನಲ್ಲಿ ಪುಟಿಯುವ ಚೆಂಡಿಗೆ ಕಾಲಿನ ಮೂಳೆಯೂ ಹಲ್ಲೂ ಬಲಿಯಾಗುವುದು ಬೇಗ. ಹೊಸ ಸ್ಟಿಕ್ ತಂದ ಮೇಲೆ ಅದನ್ನು ನೇರವಾಗಿ ಪಂದ್ಯಕ್ಕೆ ಒಯ್ಯಬೇಡಿ. ಮೊದಲ ಒಂದೆರಡು ವಾರ ಬರೀ ಗೋಡೆಗೆ ಚೆಂಡು ತಳ್ಳಿ, ವಾಪಸು ಬಂದದ್ದನ್ನು ನಿಲ್ಲಿಸಲಿ, ಬಲವಾದ ಹೊಡೆತ ಆಮೇಲೆ. ಅಷ್ಟರಲ್ಲಿ ಚೆಂಡು ಸ್ಟಿಕ್ಕಿನಿಂದ ಎಷ್ಟು ದೂರ ಚಿಮ್ಮುತ್ತಿದೆ ಎಂದು ನೀವೇ ಪಕ್ಕದಲ್ಲಿ ನಿಂತು ನೋಡಿ. ದಿನದಿಂದ ದಿನಕ್ಕೆ ಆ ದೂರ ಕಡಿಮೆಯಾಗುತ್ತಿದ್ದರೆ ನೀವು ಆರಿಸಿದ ಸ್ಟಿಕ್ ಸರಿಯಾಗಿದೆ.